ಎಡಕ್ಕೆ ಕಡಲು, ಬಲಕ್ಕೆ ಹೊಳೆ

ಪರೀಕ್ಷೆ ಮುಗಿದ ವಾರ ಹುಳಿಮಾವಿನ ಯಾವ ಬೀದಿಯಲ್ಲಿ ನಿಂತರೂ ಕೇಳಿಬರಬಹುದಾದ ಮಾತು ಇದು. ಊಟಕ್ಕೆ ಕುಳಿತ ಮಗ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಾನೆ: ‘ಅಪ್ಪಾ, ಬೈಕಲ್ಲಿ ಕಾರವಾರದ ತನಕ ಹೋಗಿಬರ್ತೀನಿ. ಒಬ್ನೇ.’ ಸಾರು ಬಡಿಸುತ್ತಿದ್ದ ತಾಯಿಯ ಕೈ ಅಲ್ಲೇ ನಿಲ್ಲುತ್ತದೆ. ‘ಒಬ್ನೇನಾ? ಜೊತೆಗೆ ಯಾರೂ ಬರಲ್ವೇನೋ?’ ತಂದೆ ತಕ್ಷಣ ಏನೂ ಹೇಳುವುದಿಲ್ಲ. ಅವರಿಗೆ ಹೇಳುವುದೂ ಕಷ್ಟ. ಅದೇ ವಯಸ್ಸಿನಲ್ಲಿ ಸ್ನೇಹಿತನ ಯೆಜ್ಡಿ ಎರವಲು ಪಡೆದು ಶ್ರವಣಬೆಳಗೊಳ ನೋಡಿ ಬಂದು, ಮನೆಯಲ್ಲಿ ‘ಸಹಪಾಠಿಯ ಅಕ್ಕನ ಮದುವೆ ಇತ್ತು’ ಎಂದು ಹೇಳಿದ್ದನ್ನು ಅವರಿನ್ನೂ ಮರೆತಿಲ್ಲ.

ಆ ಯೆಜ್ಡಿ ತಯಾರಾದದ್ದು ಮೈಸೂರಿನಲ್ಲಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತಿದ್ದ ಆ ಗಾಡಿಯ ಬಗ್ಗೆ ಮಾತೆತ್ತಿದರೆ ಐವತ್ತು ದಾಟಿದವರ ಮುಖ ಇಂದಿಗೂ ಅರಳುತ್ತದೆ. ಆದರೆ ಮಗ ಕೇಳಿದ ಪ್ರಶ್ನೆಗೆ ಹಳೆಯ ನೆನಪು ಉತ್ತರವಾಗದು. ‘ನಾವೆಲ್ಲ ಹೋಗಿರಲಿಲ್ವಾ?’ ಎಂದು ಕೀಲಿಕೈ ಕೊಡುವುದು ಒಂದು ಬಗೆಯ ಸೋಮಾರಿತನ. ‘ಬೇಡ ಅಂದ್ರೆ ಬೇಡ’ ಎಂದು ಬಾಯಿ ಮುಚ್ಚಿಸುವುದು ಇನ್ನೊಂದು ಬಗೆಯದು. ಎರಡನೆಯದರ ಫಲ ಏನೆಂಬುದಕ್ಕೆ ಸಹಪಾಠಿಯ ಅಕ್ಕನ ಮದುವೆಯೇ ಸಾಕ್ಷಿ.

ಮೊದಲು ಕಾನೂನಿನ ಮಾತು ಮುಗಿಸಿಬಿಡಬೇಕು. ಗೇರ್ ಇರುವ ಮೋಟಾರ್ ಸೈಕಲ್ ಓಡಿಸಲು 18 ತುಂಬಿರಬೇಕು, ಕಲಿಕಾ ಪರವಾನಗಿ ಅಲ್ಲ, ಪಕ್ಕಾ ಪರವಾನಗಿ ಇರಬೇಕು. ಪಿಯುಸಿ ಮಕ್ಕಳ ಕೈಗೆ ಗಾಡಿ ಕೊಡುವ ತಂದೆ ತಾಯಿ ಗಮನಿಸಬೇಕಾದ್ದು ಇನ್ನೊಂದಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವ ತನಕ ಪರವಾನಗಿಯೂ ಸಿಗದು.

ಇದು ಬಹುಪಾಲು ಮನೆಗಳಿಗೆ ಗೊತ್ತಿರುವ ವಿಷಯ. ಗೊತ್ತಿಲ್ಲದ್ದು ವಿಮೆಯದು. ಕಡ್ಡಾಯವಾದ ಮೂರನೇ ವ್ಯಕ್ತಿ ವಿಮೆ ಎದುರಿನವರಿಗೆ ಆದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ಸವಾರನ ಮುರಿದ ಕಾಲಿಗೆ ಕಾಸು ಕೊಡುವುದಿಲ್ಲ. ಅದರ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ ಎನ್ನಬಹುದು. ಅದು ‘ಮಾಲೀಕ-ಚಾಲಕ’ನಿಗೆ ಸೇರಿದ್ದು. ಗಾಡಿ ತಂದೆಯ ಹೆಸರಿನಲ್ಲಿದ್ದು ಓಡಿಸುವವನು ಮಗನಾದರೆ ಆ ರಕ್ಷಣೆ ಅವನಿಗಿಲ್ಲ. ಬೆಂಗಳೂರಿನ ಮನೆಗಳಲ್ಲಿ ಎಷ್ಟು ಬೈಕುಗಳು ಅಪ್ಪನ ಹೆಸರಿನಲ್ಲಿವೆ, ಎಷ್ಟನ್ನು ಮಕ್ಕಳು ಓಡಿಸುತ್ತಾರೆ ಎಂಬುದನ್ನು ಓದುಗರೇ ಲೆಕ್ಕ ಹಾಕಲಿ. ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಲು ತಗಲುವ ಖರ್ಚು ಒಂದು ಒಳ್ಳೆಯ ಹೆಲ್ಮೆಟ್ಟಿನ ಬೆಲೆಗಿಂತ ಹೆಚ್ಚೇನೂ ಆಗದು.

ಹೆಲ್ಮೆಟ್ ಎಂದಾಗ ನೆನಪಾಗುವ ಸಂಖ್ಯೆಗಳಿವೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರಕ್ಕೂ ಮೇಲೆ. ತಾಯಿಯ ಕೈ ಸಾರಿನ ಸೌಟಿನ ಮೇಲೆ ನಿಂತದ್ದು ಸುಮ್ಮನೆ ಅಲ್ಲ.

ಹಾಗಾದರೆ ಏನು ಮಾಡುವುದು? ಬುದ್ಧಿವಂತ ಅಪ್ಪ ‘ಹೂಂ’ ಎನ್ನುವ ಮೊದಲು ಒಂದು ಪರೀಕ್ಷೆ ಇಡಬಹುದು. ಒಂದು ಭಾನುವಾರ ಬೆಳಿಗ್ಗೆ ಹೊರಟು ಕನಕಪುರ, ಮಳವಳ್ಳಿ ಹಾದಿಯಲ್ಲಿ ಶಿವನಸಮುದ್ರಕ್ಕೆ ಹೋಗಿ ಕತ್ತಲಾಗುವ ಮೊದಲು ಮನೆ ಸೇರಬೇಕು. ಹೋಗಿ ಬಂದರೆ ಹೆಚ್ಚುಕಡಿಮೆ 250 ಕಿ.ಮೀ. ಅದರಲ್ಲೇನು ಮಹಾ ಎಂದು ಮಗ ನಗುತ್ತಾನೆ. ಪರೀಕ್ಷೆ ಇರುವುದು ಭಾನುವಾರ ಅಲ್ಲ, ಸೋಮವಾರ. ಬೆನ್ನು ಹಿಡಿದುಕೊಂಡು, ಮಣಿಕಟ್ಟು ಜೋಮು ಹಿಡಿದು ಎದ್ದ ಹುಡುಗನಿಗೆ ‘ಈಗ ಇನ್ನೊಂದು 250 ಓಡಿಸ್ತೀಯಾ?’ ಎಂದು ಕೇಳಬೇಕು. ಅವನ ಪ್ರವಾಸದ ನಕಾಶೆ ಆಗಲೇ ತಿದ್ದುಪಡಿಯಾಗುತ್ತದೆ. ಮೂರು ದಿನದ ಯೋಜನೆ ತಾನಾಗಿಯೇ ಆರು ದಿನದ್ದಾಗುತ್ತದೆ.

ಮಗಳೇ ಈ ಪ್ರಶ್ನೆ ಕೇಳಿದರೆ? ಬಹಳ ಮನೆಗಳಲ್ಲಿ ಸಾರಿನ ಸೌಟು ಅಲ್ಲಿಗೇ ಕೆಳಗಿಳಿದು ಚರ್ಚೆ ಮುಗಿಯುತ್ತದೆ. ಆದರೆ ರಸ್ತೆಯ ಲೆಕ್ಕಾಚಾರದಲ್ಲಿ ಅವಳಿಗೊಂದು, ಅವನಿಗೊಂದು ಸೂತ್ರ ಇಲ್ಲ. ತಂಗುವ ಜಾಗ ಮೊದಲೇ ಗೊತ್ತುಪಡಿಸಿಕೊಂಡಿರಬೇಕು, ಕತ್ತಲಾದ ಮೇಲೆ ಗಾಡಿ ಓಡಬಾರದು ಎಂಬ ನಿಯಮ ಇಬ್ಬರಿಗೂ ಒಂದೇ.

ಹುಳಿಮಾವಿನಿಂದ ಹೊರಡುವವರಿಗೆ ನೈಸ್ ರಸ್ತೆ ಹತ್ತಿರ. ಬನ್ನೇರುಘಟ್ಟ ರಸ್ತೆಯಲ್ಲಿ ಹತ್ತಿದರೆ ಊರೊಳಗಿನ ಗದ್ದಲವಿಲ್ಲದೆ ತುಮಕೂರು ರಸ್ತೆ ಸೇರಬಹುದು. ರಾತ್ರಿ ಹೊತ್ತು ಅಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧ ಬಂದದ್ದು 2022ರಲ್ಲಿ. ಆದ್ದರಿಂದ ‘ಮೂರು ಗಂಟೆಗೇ ಹೊರಡ್ತೀನಿ’ ಎಂಬ ಉತ್ಸಾಹಕ್ಕೆ ಅವಕಾಶವಿಲ್ಲ, ಅದು ಒಳ್ಳೆಯದೇ. ಮೈಸೂರಿನ ಹತ್ತು ಪಥದ ಹೆದ್ದಾರಿಯ ಮುಖ್ಯ ಪಥಗಳಿಗೂ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ, ಮಂಗಳೂರು. ಸುಮಾರು 350 ಕಿ.ಮೀ. ಹಾಸನದಲ್ಲೋ ಸಕಲೇಶಪುರದಲ್ಲೋ ಒಂದು ರಾತ್ರಿ ಕಳೆದು, ಘಾಟಿಯನ್ನು ಮರುದಿನ ಬೆಳಿಗ್ಗೆ ತಾಜಾ ಕಣ್ಣುಗಳಿಂದ ಇಳಿಯುವುದು ಕ್ಷೇಮ.

ಮಂಗಳೂರಿನಿಂದ ಉತ್ತರಕ್ಕೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 66. ತಂದೆಯ ಪೀಳಿಗೆಗೆ ಅದು ‘ಹದಿನೇಳು’. ಪನ್ವೇಲ್‌ನಿಂದ ಕನ್ಯಾಕುಮಾರಿಯ ತನಕ ಸಾಗುವ ಈ ರಸ್ತೆ ಕರ್ನಾಟಕದಲ್ಲಿ ತಲಪಾಡಿಯಿಂದ ಮಾಜಾಳಿವರೆಗೆ ಸುಮಾರು 280 ಕಿ.ಮೀ. ಓಡುತ್ತದೆ. ಭೂಪಟದಲ್ಲಿ ನೋಡಿದರೆ ಕಡಲಂಚಿಗೆ ಎಳೆದ ಗೆರೆ. ಆದರೆ ಕಡಲು ಕಾಣುತ್ತಲೇ ಇರುತ್ತದೆಂದು ಹೊರಟವರಿಗೆ ನಿರಾಸೆ ಕಾದಿದೆ. ಬಹುಪಾಲು ದೂರ ಕಾಣುವುದು ತೆಂಗು, ಅಂಗಡಿ ಸಾಲು, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಸ್ಕೂಟರ್. ಕಡಲಿಗಿಂತ ಹೆಚ್ಚಾಗಿ ಸಿಗುವುದು ಹೊಳೆಗಳು. ಮೂಲ್ಕಿಯಲ್ಲಿ ಶಾಂಭವಿ, ಉಡುಪಿ ದಾಟಿದ ಮೇಲೆ ಸ್ವರ್ಣಾ, ಸೀತಾ, ಮುಂದೆ ಸೌಪರ್ಣಿಕಾ, ಹೊನ್ನಾವರದಲ್ಲಿ ಶರಾವತಿ, ಕುಮಟಾ ಕಳೆದು ಅಘನಾಶಿನಿ, ಅಂಕೋಲಾಕ್ಕೆ ಮೊದಲು ಗಂಗಾವಳಿ, ಕಾರವಾರದಲ್ಲಿ ಕಾಳಿ. ಸಹ್ಯಾದ್ರಿಯಿಂದ ಇಳಿದು ಕಡಲಿಗೆ ಓಡುವ ಈ ಹೊಳೆಗಳನ್ನೆಲ್ಲ ಒಂದೊಂದಾಗಿ ಅಡ್ಡ ಹಾಯುವುದೇ ಈ ರಸ್ತೆಯ ಕಸುಬು. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿ ಮರೆತ ಹೆಸರುಗಳು ಸೇತುವೆಯ ಫಲಕಗಳಾಗಿ ಎದುರಾಗುತ್ತವೆ.

ಮಾತೂ ಹೊಳೆಯಂತೆಯೇ ಬದಲಾಗುತ್ತದೆ. ಮಂಗಳೂರಿನಲ್ಲಿ ತುಳು. ಬ್ರಹ್ಮಾವರ ದಾಟುತ್ತಿದ್ದಂತೆ ಕುಂದಾಪ್ರ ಕನ್ನಡ. ಭಟ್ಕಳದಲ್ಲಿ ನವಾಯತಿ, ಕಾರವಾರದ ಕಡೆ ಕೊಂಕಣಿ. ದಕ್ಷಿಣದಲ್ಲಿ ‘ಪುನರ್ಪುಳಿ’ ಎಂದು ಕೊಡುವ ಕೆಂಪು ಶರಬತ್ತು ಉತ್ತರ ಕನ್ನಡದಲ್ಲಿ ‘ಮುರುಗಲು’ ಆಗುತ್ತದೆ. ಗುಂಪಿನಲ್ಲಿ ಬಂದವರು ತಮ್ಮತಮ್ಮಲ್ಲೇ ಹರಟುತ್ತ ಇದನ್ನೆಲ್ಲ ಗಮನಿಸದೆ ಹೋಗುತ್ತಾರೆ. ಒಬ್ಬನೇ ಬಂದವನು ಹೋಟೆಲಿನ ಬೆಂಚಿನಲ್ಲಿ ಕೂತರೆ ಎದುರಿನ ಹಿರಿಯರು ‘ಎಲ್ಲಿಂದ ಬಂದದ್ದು? ಒಬ್ಬರೆಯಾ?’ ಎಂದು ಕೇಳಿಯೇ ಕೇಳುತ್ತಾರೆ. ಒಂಟಿ ಪ್ರಯಾಣದ ನಿಜವಾದ ಲಾಭ ಇಷ್ಟೇ. ಉಳಿದದ್ದು ಬರಿಯ ಕಿಲೋಮೀಟರು.

ಕುಂದಾಪುರ ಬಿಟ್ಟು ಸ್ವಲ್ಪ ಹೊತ್ತಿಗೆ ತ್ರಾಸಿ, ಮರವಂತೆ. ಇಡೀ ರಸ್ತೆಯ ಬಗೆಗಿನ ಕನಸು ಹುಟ್ಟುವುದೇ ಈ ತುಣುಕಿನಿಂದ. ಉತ್ತರಕ್ಕೆ ಮುಖ ಮಾಡಿದರೆ ಎಡಕ್ಕೆ ಅರಬ್ಬಿ ಕಡಲು, ಬಲಕ್ಕೆ ಸೌಪರ್ಣಿಕೆ, ಅದರಾಚೆ ಕೊಡಚಾದ್ರಿ ಕಡೆಯ ಬೆಟ್ಟಸಾಲು. ನಡುವೆ ಇರುವುದು ರಸ್ತೆ ಮಾತ್ರ. ಕಲ್ಲೆಸೆದರೆ ಬೀಳುವಷ್ಟು ಹತ್ತಿರ ಬಂದ ಹೊಳೆ ಕಡಲನ್ನು ಸೇರದೆ ಮುಖ ತಿರುಗಿಸಿ ದಕ್ಷಿಣಕ್ಕೆ ಹರಿದು, ಗಂಗೊಳ್ಳಿಯ ಅಳಿವೆಯಲ್ಲಿ ಪಂಚಗಂಗಾವಳಿಯಾಗಿ ಕಡಲನ್ನು ಕೂಡುತ್ತದೆ. ಯಾಕೆ ಹಾಗೆ? ಅಲೆಗಳು ತಂದು ಪೇರಿಸಿದ ಮರಳಿನ ದಿಬ್ಬ ಗೋಡೆಯಂತೆ ಅಡ್ಡ ನಿಂತು ಹೊಳೆಯನ್ನು ತಿರುಗಿಸಿದೆ. ಆ ದಿಬ್ಬದ ಮೇಲೆಯೇ ಹೆದ್ದಾರಿ ಇದೆ. ಮಳೆಗಾಲದಲ್ಲಿ ಕಡಲು ತನ್ನ ಮರಳನ್ನು ವಾಪಸು ಕೇಳಲು ಬರುತ್ತದೆ. ಅದಕ್ಕೆಂದೇ ಅಷ್ಟುದ್ದಕ್ಕೂ ಬಂಡೆಗಳನ್ನು ಸುರಿದಿದ್ದಾರೆ.

ಇಲ್ಲಿ ನಿಲ್ಲಬೇಕು. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಸ್ಟ್ಯಾಂಡ್ ಹಾಕಿ, ಇಳಿದು ನೋಡಬೇಕು. ಓಡುತ್ತಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುವವರೂ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಒಂದು ಕೈಯಲ್ಲಿ ಓಡಿಸುವವರೂ ಈ ಜಾಗದಲ್ಲೇ ಹೆಚ್ಚು. ಅವರಿಗಾಗಿ ಪಿಯುಸಿ ಭೌತಶಾಸ್ತ್ರದ ಒಂದು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 16.7 ಮೀಟರ್. ಅಡ್ಡ ಬಂದ ನಾಯಿ ಕಣ್ಣಿಗೆ ಬಿದ್ದು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಎಂದುಕೊಂಡರೂ ಅಷ್ಟರಲ್ಲಿ 17 ಮೀಟರ್ ಸಾಗಿಯಾಯಿತು. ಒಣ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 6 ಮೀಟರಿನಂತೆ ವೇಗ ಇಳಿದರೆ ಗಾಡಿ ನಿಲ್ಲಲು ಇನ್ನೂ 23 ಮೀಟರ್. ಒಟ್ಟು 40. ವೇಗ 80 ಆದರೆ? ಮೊದಲ ಸೆಕೆಂಡಿನಲ್ಲಿ 22, ಬ್ರೇಕಿಗೆ 41, ಒಟ್ಟು 63 ಮೀಟರ್. ವೇಗ ಏರಿದ್ದು ಮೂರರಲ್ಲೊಂದು ಪಾಲು, ನಿಲ್ಲುವ ದೂರ ಏರಿದ್ದು ಅರ್ಧಕ್ಕಿಂತ ಹೆಚ್ಚು. ಈಗ ಮತ್ತೆ 60ಕ್ಕೆ ಇಳಿದು, ರಸ್ತೆ ಒದ್ದೆಯಾಗಿ ಚಕ್ರದ ಹಿಡಿತ ಅರ್ಧವಾಯಿತೆನ್ನಿ. 17 ಮತ್ತು 46, ಒಟ್ಟು ಅದೇ 63.

ಕರಾವಳಿಯಲ್ಲಿ ರಸ್ತೆ ಒದ್ದೆಯಾಗಲು ಮಳೆಯೇ ಬೇಕೆಂದಿಲ್ಲ. ಮೀನಿನ ಲಾರಿಗಳಿಂದ ಸೋರುವ ನೀರು ಬಿಸಿಲಲ್ಲೂ ಟಾರಿನ ಮೇಲೆ ಜಿಡ್ಡಿನ ಪಟ್ಟೆ ಎಳೆದಿರುತ್ತದೆ. ಬೆಂಗಳೂರಿನ ಹುಡುಗರಿಗೆ ಇದರ ಅಂದಾಜೇ ಇರುವುದಿಲ್ಲ. ಲಾರಿಯ ಹಿಂದೆ ಅಂಟಿಕೊಂಡು ಓಡುವಾಗ ಮೂಗಿಗೆ ವಾಸನೆ ಬಂದರೆ ಅದನ್ನು ಎಚ್ಚರಿಕೆಯ ಫಲಕವೆಂದೇ ತಿಳಿಯಬೇಕು. ಇನ್ನೊಂದು ಗಾಳಿ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಗಾಳಿ ಬೀಸತೊಡಗುತ್ತದೆ. ಉತ್ತರಕ್ಕೆ ಹೋಗುವವನಿಗೆ ಅದು ಎಡಗಡೆಯಿಂದ ತಾಗುತ್ತದೆ. ಶರಾವತಿಯಂಥ ಉದ್ದನೆಯ ಸೇತುವೆಯ ಮೇಲೆ ಮರದ ಮರೆ ಇಲ್ಲ, ಮನೆಯ ಮರೆ ಇಲ್ಲ. ಪಕ್ಕದಲ್ಲಿ ಬಸ್ಸು ಬಂದಾಗ ಗಾಳಿ ಒಮ್ಮೆ ನಿಂತು, ಬಸ್ಸು ದಾಟಿದೊಡನೆ ಮತ್ತೆ ತಳ್ಳುತ್ತದೆ. 2019ರಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಗಿದೆ. ಚಕ್ರ ಜಾಮಾಗದಂತೆ ಅದು ನೋಡಿಕೊಳ್ಳುತ್ತದೆ, ಸರಿ. ಗಾಳಿಗೆ ಅದು ಏನೂ ಮಾಡಲಾರದು.

ಮುರ್ಡೇಶ್ವರದಲ್ಲಿ ಶಿವನ ಭಾರಿ ಪ್ರತಿಮೆಯ ಬುಡದಲ್ಲಿ ಕಡಲು ಶಾಂತವಾಗಿ ಕಾಣುತ್ತದೆ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ನೀರಿಗೆ ಬಲಿಯಾದರು. ಜೊತೆಗೆ ಶಿಕ್ಷಕರೂ ಗೆಳತಿಯರೂ ಇದ್ದ ಮಕ್ಕಳು ಅವರು. ಒಬ್ಬನೇ ಬಂದವನು ಮುಳುಗಿದರೆ ಕೂಗಿಕೊಳ್ಳಲು ದಡದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ತಾಯಿ ಹಾಕಬಹುದಾದ ಷರತ್ತುಗಳಲ್ಲಿ ಇದೂ ಒಂದು: ಕಡಲಲ್ಲಿ ಪಾದ ತೊಯ್ಯಿಸಬಹುದು, ಮೊಣಕಾಲು ತೊಯ್ಯಿಸಕೂಡದು.

ಕುಮಟಾ ದಾಟಿ ಅಂಕೋಲಾ ಕಡೆ ಸಾಗುವಾಗ ಒಂದೆಡೆ ಗುಡ್ಡ, ಇನ್ನೊಂದೆಡೆ ಗಂಗಾವಳಿ. ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಚಹಾಕ್ಕೆಂದು ನಿಂತವರು ಎಲ್ಲ ಮಣ್ಣಿನಡಿ ಹೋದರು. ಅನಿಲದ ಟ್ಯಾಂಕರ್ ಹೊಳೆಗೆ ಉರುಳಿತು. ಕೇರಳದ ಚಾಲಕನೊಬ್ಬನ ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 25ರಂದು. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ್ದೇ ಕಾರಣ ಎಂಬ ಆರೋಪ ಆಗ ಎಲ್ಲೆಡೆ ಕೇಳಿಬಂತು. ಚಹಾ ಕುಡಿಯಲು ನಿಂತವರ ತಪ್ಪಂತೂ ಏನೂ ಇರಲಿಲ್ಲ.

ಮಣ್ಣು ಕುಸಿದರೆ ಏನಾಗುತ್ತದೆಂದು ಹುಳಿಮಾವಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ನವೆಂಬರ್ 24ರಂದು ಅವರ ಕೆರೆಯ ಏರಿಯೇ ಒಡೆದು ಮನೆಗಳಿಗೆ ನೀರು ನುಗ್ಗಿತ್ತು. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವ ಮಳೆಯ ಮೂರು ನಾಲ್ಕು ಪಟ್ಟು ಕರಾವಳಿಯಲ್ಲಿ ಸುರಿಯುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ‘ಮಳೇಲಿ ಹೋದ್ರೇನೇ ಮಜಾ’ ಎನ್ನುವ ಮಗನಿಗೆ ಈ ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡಬಾರದು. ನವೆಂಬರಿನಿಂದ ಫೆಬ್ರುವರಿ ಈ ರಸ್ತೆಯ ಕಾಲ. ಏಪ್ರಿಲ್-ಮೇ ತಿಂಗಳಲ್ಲೇ ರಜೆ ಬಂದರೆ ಬೆಳಿಗ್ಗೆ 6ರಿಂದ 11ರವರೆಗೆ ಓಡಿಸಿ, ಬಿಸಿಲಿಳಿಯುವ ತನಕ ನೆರಳಲ್ಲಿ ಕಳೆಯಬೇಕು. ಅಲ್ಲಿನ ಬೆವರು ಬೆಂಗಳೂರಿನ ಬೆವರಲ್ಲ.

ಅಂಕೋಲಾ ನಿಲ್ಲಲೇಬೇಕಾದ ಊರು. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಇಲ್ಲಿ. ಶಾಲೆಯ ಮೆಟ್ಟಿಲು ಹತ್ತದೆ ಸಾವಿರಾರು ಸಸಿಗಳನ್ನು ಬೆಳೆಸಿ ಪದ್ಮಶ್ರೀ ಪಡೆದ ತುಳಸಿ ಗೌಡ, ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡ ಇದೇ ತಾಲ್ಲೂಕಿನವರು. 2024ರ ಡಿಸೆಂಬರಿನಲ್ಲಿ ತುಳಸಿ ಗೌಡ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು.

ಕಾರವಾರದಲ್ಲಿ ಕಾಳಿ ನದಿಯ ಮೇಲೆ ಈಗ ಒಂದೇ ಸೇತುವೆಯ ಮೇಲೆ ಸಂಚಾರ. ನಾಲ್ಕು ದಶಕ ದುಡಿದ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕುಸಿಯಿತು. ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿದ್ದು ಮೀನುಗಾರರೂ ಪೊಲೀಸರೂ ಕತ್ತಲಲ್ಲಿ ದೋಣಿಗಿಳಿದದ್ದರಿಂದ. ಇದೇ ಹೊಳೆಯಲ್ಲಿ 1883ರಲ್ಲಿ ಇಪ್ಪತ್ತೆರಡರ ಯುವಕನೊಬ್ಬ ದೋಣಿಯಲ್ಲಿ ಮೇಲಕ್ಕೆ ಹೋಗಿ, ಮರಳುವಾಗ ಅಳಿವೆಯ ಬಳಿ ಇಳಿದು ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆ ಸೇರಿದ್ದ. ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಆಗಲೇ. ಕಾರವಾರದ ಕಡಲತೀರಕ್ಕೆ ಇಂದು ಆ ಯುವಕನದೇ ಹೆಸರು: ರವೀಂದ್ರನಾಥ ಟಾಗೋರ್.

ಇನ್ನು ವಾಪಸು ಬರುವ ಚಿಂತೆ. ಕಾರವಾರದಿಂದ ಬೆಂಗಳೂರಿಗೆ ಯಲ್ಲಾಪುರ, ಹುಬ್ಬಳ್ಳಿ, ಚಿತ್ರದುರ್ಗದ ಮೇಲೆ 500 ಕಿ.ಮೀ.ಗೂ ಹೆಚ್ಚು. ಹೋಗುವಾಗ ಇದ್ದ ಎಚ್ಚರ ಬರುವಾಗ ಇರುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಹಾಗಾಗಿ ‘ಒಂದೇ ಏಟಿಗೆ ಬಂದ್ಬಿಟ್ಟೆ’ ಎಂಬ ಸಾಹಸಗಳು ಹುಟ್ಟುವುದು ಕೊನೆಯ ದಿನವೇ. ಒಂದು ರಾತ್ರಿಯ ತಂಗುವ ಖರ್ಚನ್ನು ತಂದೆ ಮೊದಲೇ ಬೇರೆ ತೆಗೆದಿಟ್ಟರೆ ಅದು ದುಂದಲ್ಲ. ಮೈ ಸರಿಯಿಲ್ಲದಿದ್ದರೆ ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಹಾಕಿ ತಾನೂ ರೈಲು ಹತ್ತಬಹುದು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್.ಸಿ. ಪ್ರತಿ ಕೊಡಬೇಕು, ಅಷ್ಟೇ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ದಿನಕ್ಕೆರಡು ಸಲ ಫೋನು ಮಾಡುವ ಕರಾರು ಇರಲಿ, ಅದಕ್ಕಿಂತ ಹೆಚ್ಚು ಬೇಡ. ಗಂಟೆಗೊಮ್ಮೆ ‘ಎಲ್ಲಿದ್ದೀಯೋ?’ ಎಂದು ಕೇಳುವ ತಾಯಿ ತನಗರಿವಿಲ್ಲದೆಯೇ ಮಗನನ್ನು ಓಡುವ ಗಾಡಿಯ ಮೇಲೆ ಜೇಬಿಗೆ ಕೈ ಹಾಕುವಂತೆ ಮಾಡುತ್ತಾಳೆ. ಕರೆ ಬರಬೇಕಾದ ಹೊತ್ತು ಮೀರಿ ಒಂದು ತಾಸಾದರೂ ಬರದಿದ್ದರೆ ಆಗ ತಂಗಬೇಕಿದ್ದ ಊರಿಗೆ ವಿಚಾರಿಸಬಹುದು. ತುರ್ತು ಕರೆಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಈ ಮೂರೂ ಸಂಖ್ಯೆ, ರಕ್ತದ ಗುಂಪು, ಮನೆಯ ನಂಬರು ಬರೆದ ಚೀಟಿಯೊಂದು ಹೆಲ್ಮೆಟ್ಟಿನ ಒಳಪದರದಲ್ಲೂ ಇನ್ನೊಂದು ಜೇಬಿನಲ್ಲೂ ಇರಬೇಕು. ಬಿದ್ದವನ ಮೊಬೈಲ್ ಬೀಗ ಬೇರೆಯವರಿಗೆ ತೆರೆಯುವುದಿಲ್ಲ. ಬಿದ್ದವನನ್ನು ಆಸ್ಪತ್ರೆಗೆ ಸೇರಿಸುವ ದಾರಿಹೋಕನಿಗೆ ಈಗ ಕಾನೂನಿನ ರಕ್ಷಣೆಯೂ ಇದೆ. ದಾರಿಯಲ್ಲಿ ಇನ್ನೊಬ್ಬ ಬಿದ್ದದ್ದು ಕಂಡರೆ ಅದೇ ಕೆಲಸವನ್ನು ಮಗನೂ ಮಾಡಬೇಕಾಗುತ್ತದೆ ಎಂಬುದನ್ನು ಹೊರಡುವ ಮೊದಲೇ ಹೇಳಿರಬೇಕು.

ಆರನೆಯ ದಿನ ಸಂಜೆ ಬನ್ನೇರುಘಟ್ಟ ರಸ್ತೆಯ ಮೀನಾಕ್ಷಿ ದೇವಸ್ಥಾನದ ಹತ್ತಿರ ಬಂದಾಗ ಮನಸ್ಸು ಆಗಲೇ ಮನೆ ಸೇರಿಬಿಟ್ಟಿರುತ್ತದೆ, ಗಾಡಿ ಮಾತ್ರ ಇನ್ನೂ ಟ್ರಾಫಿಕ್ಕಿನಲ್ಲಿರುತ್ತದೆ. ಆ ಕೊನೆಯ ಎರಡು ಕಿಲೋಮೀಟರಿಗೆ ಶಿರಾಡಿಯಷ್ಟೇ ಎಚ್ಚರ ಬೇಕು. ಗೇಟಿನ ಸದ್ದಿಗೆ ತಾಯಿ ಹೊರಬಂದು, ಮುಖ ನೋಡಿ, ‘ಕಪ್ಪಾಗಿಬಿಟ್ಟಿದ್ದೀಯಲ್ಲೋ, ಮೊದ್ಲು ಸ್ನಾನ ಮಾಡು’ ಎನ್ನುತ್ತಾಳೆ. ತಂದೆ ಟಾರ್ಚ್ ಹಿಡಿದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚೈನು, ಕಡ್ಡಿ, ಬ್ರೇಕು ಒಂದೊಂದಾಗಿ ನೋಡುತ್ತಾರೆ. ‘ಉಪ್ಪುಗಾಳಿ ಕುಡಿದಿದೆ. ಬೆಳಿಗ್ಗೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಎಣ್ಣೆ ಬಿಡು, ಇಲ್ದಿದ್ರೆ ತುಕ್ಕು ಹಿಡಿಯುತ್ತೆ’ ಎಂದು ಹೇಳಿ, ಮೆಲ್ಲಗೆ ಕೇಳುತ್ತಾರೆ: ‘ಮರವಂತೇಲಿ ಎಷ್ಟು ಹೊತ್ತು ಕೂತಿದ್ದೆ?’